ಉಡಿಗಂಟಿನಲ್ಲಿ ಬಂದ ಅರ್ಜಿ

ಕೆರೆಯಾಚೆ ಹಟ್ಟಿ, ಹಾಲಗಟ್ಟೆ
ಶಿರಾಳಕೊಪ್ಪದ ಹತ್ತಿರ
ಭಾನುವಾರ, 9 ಫೆಬ್ರುವರಿ 2025

ಹಾಲಗಟ್ಟೆ ಗ್ರಾಮ ಪಂಚಾಯಿತಿಯ ಮಾನ್ಯ ಅಧ್ಯಕ್ಷರಾದ ಶ್ರೀಮತಿ ಸಂಗೀತ ಅವರಿಗೆ, ತಮ್ಮದೇ ವಾರ್ಡಿನ ಮತದಾರಳಾದ ದುರುಗಮ್ಮ ಮಾಡುವ ನಮಸ್ಕಾರ.

ಮೇಲಿನ ಸಾಲು ಕಾಯಿದೆ ಪ್ರಕಾರ ಬರೆದದ್ದು. ಇನ್ನು ಕೆಳಗಿನದು ನಮ್ಮಿಬ್ಬರದು. ಸಂಗೀತಾ, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಓದು.

ಚಂದ್ರಗುತ್ತಿ ಅಮ್ಮನ ಉಡಿಯೊಳಗೆ ಕಾಗದ ಇಟ್ಟಿದ್ದಾಳೆ, ಇವಳಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂದುಕೊಳ್ಳಬೇಡ. ನೆಟ್ಟಗೇ ಇದೆ. ನಮ್ಮ ಮನೆಯವರು ಕುರಿಮಂದೆ ಹೊಡೆದುಕೊಂಡು ಕುಬಟೂರಿನ ಕಡೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿಂದ ಚಂದ್ರಗುತ್ತಿಗೆ ಹೋಗಿ, ಗುಡ್ಡ ಹತ್ತಿ, ಅಮ್ಮನಿಗೆ ಉಡಿ ತುಂಬಿಸಿ, ನಿನ್ನ ಹೆಸರಿನಲ್ಲೂ ಪ್ರಸಾದ ತಂದೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಹಸಿರು ಬಳೆ, ರವಿಕೆ ಕಣ. ಕಣದ ಮಡಿಕೆಯೊಳಗೆ ಈ ಹಾಳೆಗಳು. ನಾಳೆ ನಿನ್ನ ಗಂಡ, ಅಂದರೆ ನನ್ನ ಬೆನ್ನಿಗೆ ಬಿದ್ದ ತಮ್ಮ ಲೋಕಪ್ಪ, ಬೇಲಿಯ ಕೆಲಸ ನೋಡಲು ಹಟ್ಟಿಗೆ ಬರುತ್ತಾನೆ. ಅವನ ಕೈಯಲ್ಲೇ ಕಳಿಸುತ್ತೇನೆ. ಹೆಂಗಸರ ಉಡಿಗಂಟನ್ನು ಗಂಡಸರು ಬಿಚ್ಚುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮಪ್ಪ ಎಷ್ಟು ಕುಡಿದು ಬಂದರೂ ಅವ್ವನ ಉಡಿಗಂಟು ಮುಟ್ಟಿದವನಲ್ಲ. ಜಗಳ ಆಡಿದವರ ಮನೆಯ ನೀರು ಬೇಡ ಅನ್ನಬಹುದು, ಅಮ್ಮನ ಉಡಿ ಬೇಡ ಅನ್ನುವ ಎದೆ ಯಾವ ಗಂಡಿಗೂ ಇಲ್ಲ. ಅದರಲ್ಲೂ ನಿನ್ನ ತವರು ಕಡೆಯ ಅಮ್ಮ. ತನ್ನ ಮೇಲಿನ ದೂರನ್ನು ತಾನೇ ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬರುತ್ತಾನಲ್ಲ, ನೆನೆಸಿಕೊಂಡರೆ ಈಗಲೇ ನಗು ಬರುತ್ತದೆ.

ಎದುರಿಗೆ ಬಂದು ಮಾತಾಡಬಾರದಿತ್ತೇ ಅತ್ತಿಗೆ ಎಂದು ನೀನು ಕೇಳಬಹುದು. ಬಂದಿದ್ದೆನಲ್ಲೇ! ಮೊದಲು ಫೋನ್ ಮಾಡಿದೆ. ಪಂಚಾಯಿತಿ ಗೋಡೆಯ ಮೇಲೆ ನಿನ್ನ ಹೆಸರಿನ ಮುಂದೆ ಒಂದು ನಂಬರು ಬರೆಸಿದ್ದಾರೆ. ಅದನ್ನು ಅಂಗೈ ಮೇಲೆ ಬರೆದುಕೊಂಡು ಬಂದು ಒತ್ತಿದೆ. ಆ ಕಡೆಯಿಂದ ಗಂಡುದನಿ: "ಹಲೋ, ಅಧ್ಯಕ್ಷರು ಮಾತಾಡ್ತಿರೋದು, ಯಾರ್ರೀ ಅದು?" ಎತ್ತಿ ಆಡಿಸಿದ ತಮ್ಮನ ದನಿ ನನಗೆ ಗೊತ್ತಾಗುವುದಿಲ್ಲವೇ? "ಲೋಕ್ಯಾ, ಸೀರೆ ಯಾವಾಗ ಉಟ್ಟೆಪ್ಪಾ? ಅರಿಶಿನ ಕುಂಕುಮಕ್ಕೆ ಅಕ್ಕನ್ನೂ ಕರೀಬೇಕಿತ್ತಲ್ಲ" ಅಂದೆ. ಫೋನ್ ಇಟ್ಟುಬಿಟ್ಟ.

ಆಮೇಲೆ ಮನೆಗೇ ಬಂದೆ. ನಿನಗೆ ನೆನಪಿರಬೇಕು. ಅವನು ಜಗಲಿ ಮೇಲೆ ಕಾಲು ಚಾಚಿ ಕೂತಿದ್ದ. "ಏನ್ ಸಮಾಚಾರ ಅಕ್ಕಾ" ಅಂದ. ನಿನ್ನ ಸಮಾಚಾರ ನನಗೆ ಬೇಕಿಲ್ಲ, ಅಧ್ಯಕ್ಷರ ಹತ್ರ ಮಾತಾಡಬೇಕು ಅಂದೆ. "ಅದಕ್ಕೇನಂತೆ, ಹೇಳು" ಅಂದ! ನೀನು ಚಹಾ ತಂದೆ, ನನ್ನ ಮುಖ ನೋಡಿದೆ, ಲೋಟ ಇಟ್ಟೆ, ಒಳಗೆ ಹೋದೆ. ನನ್ನ ಊರಿನ ಅಧ್ಯಕ್ಷೆ ನನಗೆ ಚಹಾ ಕೊಟ್ಟು ಒಳಗೆ ಹೋದಳು. ಲೋಟ ಮುಟ್ಟದೆ ಎದ್ದು ಬಂದೆ ಕಣೇ.

ಕೊನೆಗೆ ಪಂಚಾಯಿತಿ ಆಫೀಸಿಗೂ ಹೋದೆ. ಅರ್ಜಿ ತಂದವರು ಕೂರುವ ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕೂತೆ. ಒಳಗೆ ಬಿಳಿ ಟವೆಲ್ ಹೊದಿಸಿದ ನಿನ್ನ ಕುರ್ಚಿಯಲ್ಲಿ ಅವನೇ. ನನ್ನ ಅರ್ಜಿ ತೆಗೆದುಕೊಂಡು ಮಡಚಿ ಜೇಬಿಗೆ ಇಟ್ಟುಕೊಂಡ. ಪಿಡಿಒ ಶ್ರೀಲತಾ ಮೇಡಂ ಪಕ್ಕದಲ್ಲೇ ಇದ್ದರು, ಫ್ಯಾನು ನೋಡುತ್ತಿದ್ದರು. ಹೆಂಡತಿ ಬದಲು ಗಂಡ ಸಭೆಯಲ್ಲಿ ಕೂರುವಂತಿಲ್ಲ ಎಂದು ಸರ್ಕಾರದ ಸುತ್ತೋಲೆಯೇ ಇದೆಯಂತೆ. ಸುತ್ತೋಲೆ ಗೋಡೆಯ ಮೇಲಿದೆ, ಗಂಡ ಕುರ್ಚಿಯ ಮೇಲಿದ್ದಾನೆ.

ಇಷ್ಟೆಲ್ಲಾ ಓಡಾಡಿದ್ದು ಯಾತಕ್ಕೆ ಎಂಬುದು ನಿನ್ನ ಕಿವಿಗೆ ಬಿದ್ದಿದೆಯೋ ಇಲ್ಲವೋ, ನಾನೇ ಹೇಳಿಬಿಡುತ್ತೇನೆ. ನಮ್ಮ ಹಟ್ಟಿಯಿಂದ ಕೆರೆಗೆ ಇಳಿಯುವ ಕುರಿಜಾಡು ಗೊತ್ತಲ್ಲ, ಕುರಿ ಇಳಿದು ಇಳಿದು ನೆಲವೇ ಬಟ್ಟಲಿನ ಹಾಗೆ ಸವೆದಿದೆಯಲ್ಲ, ಅದೇ ದಾರಿ. ಕೆರೆಯ ಉಳಿದ ಕಡೆಯೆಲ್ಲ ಏರಿ, ಇಲ್ಲವೇ ಗದ್ದೆ, ಇಲ್ಲವೇ ಕೆಸರು. ಕುರಿ ಇಳಿಯುವುದು ಅಲ್ಲಿ ಒಂದೇ. ನೀರು ಕುಡಿಯುವುದೂ ಅಲ್ಲೇ, ಉಣ್ಣೆ ಕತ್ತರಿಸುವ ಮುಂಚೆ ಮೀಯಿಸುವುದೂ ಅಲ್ಲೇ. ಮೀನಿನ ಗುತ್ತಿಗೆ ಹಿಡಿದ ವೀರೇಶ ಅದಕ್ಕೆ ಅಡ್ಡ ಮುಳ್ಳುತಂತಿ ಎಳೆದು ಗೇಟು ಹಾಕಿ ಬೀಗ ಜಡಿದಿದ್ದಾನೆ. ಕುರಿ ಇಳಿದರೆ ಬಲೆ ಹರಿಯುತ್ತದಂತೆ. ಕೆರೆ ಅವನ ತಾತ ತೋಡಿಸಿದ್ದೇನು? ಮೀನು ಅವನದಿರಬಹುದು, ನೀರು ಯಾರದು?

ಬೇಲಿ ಹಾಕಿದ ಮಾರನೆಯ ದಿನ ಕುರಿಗಳು ಅಭ್ಯಾಸದಂತೆ ಓಡಿದವು. ಕುರಿಗೆ ಬೀಗ ಅಂದರೆ ಗೊತ್ತೇ? ಮುಂದಿನವು ನಿಂತವು, ಹಿಂದಿನವು ನೂಕಿದವು. ನಮ್ಮ ಕರಿಮೂತಿಯ ಗಬ್ಬದ ಕುರಿ ತಂತಿಗೆ ಸಿಕ್ಕಿ ಕೆಚ್ಚಲು ಸೀಳಿಕೊಂಡಿತು. ಮರಿ ಹಾಕಿದರೂ ಹಾಲು ಕುಡಿಸಲು ಬರದು. ಆ ಹೊತ್ತು ನಾನು ಅತ್ತೆ. ಅತ್ತದ್ದು ಅವತ್ತೊಂದೇ ದಿನ, ಆಮೇಲೆ ಅಳಲಿಲ್ಲ.

ಈಗ ಮಂದೆ ಕುಬಟೂರಿನಲ್ಲಿದೆ, ಸದಾಶಿವಪ್ಪನವರ ಗದ್ದೆಯಲ್ಲಿ ಗೊಬ್ಬರಕ್ಕೆ ನಿಲ್ಲಿಸಿದ್ದೇವೆ. ಅಲ್ಲಿ ನೀರಿದೆ, ಆದರೆ ಅದು ಪರರ ಊರು, ಯುಗಾದಿಯ ಹೊತ್ತಿಗೆ ಅವರೂ ನೇಗಿಲು ಹೂಡುತ್ತಾರೆ. ಆಮೇಲೆ ನಾವು ಎಲ್ಲಿಗೆ ಬರಬೇಕು? ಬೇಸಿಗೆಯಲ್ಲಿ ಕೆರೆ ಬಿಟ್ಟರೆ ನಮಗೆ ಗತಿ ಇಲ್ಲ. ನಮ್ಮ ಮನೆಯವರು ಹೇಳಿಬಿಟ್ಟಿದ್ದಾರೆ: "ದಾರಿ ಬಿಟ್ರೆ ಮನಿಗೆ ಹೊಡ್ಕೊಂಡ್ ಬರ್ತೀನಿ. ಇಲ್ಲಾಂದ್ರೆ ಇಲ್ಲಿಂದ ಸೀದಾ ಸಂತಿಗೆ. ಒಂದ್ ಕುರೀನೂ ಉಳಸಲ್ಲ." ನಮ್ಮ ಹಟ್ಟಿಯ ಉಳಿದವರದೂ ಅದೇ ಮಾತು. ಗುರುವಾರ ನಿಮ್ಮ ಪಂಚಾಯಿತಿಯ ಸಾಮಾನ್ಯ ಸಭೆ ಇದೆ. ವೀರೇಶನಿಗೆ ಕೆರೆಯನ್ನು ಇನ್ನೂ ಐದು ವರ್ಷ, ಬೇಲಿ ಸಮೇತ, ಬರೆದುಕೊಡುವ ವಿಷಯ ಅವತ್ತೇ ಬರುತ್ತದಂತೆ. ಅದಕ್ಕೆ ಅಧ್ಯಕ್ಷರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವವಳು ನೀನು, ನಿನ್ನ ಗಂಡನಲ್ಲ.

ಲೋಕಪ್ಪನ ಮೇಲೆ ನನಗೆ ಹಗೆಯೇನಿಲ್ಲ. ಅವನು ನಡೆಯಲು ಕಲಿತದ್ದು ನನ್ನ ಲಂಗ ಹಿಡಿದು. ಮರಿ ಕಟ್ಟುವ ಗಂಟನ್ನು ಅವನಿಗೆ ಕಲಿಸಿದವಳು ನಾನು. ಮರಿ ಎಷ್ಟು ಜಗ್ಗಿದರೂ ಬಿಗಿಯುತ್ತದೆ, ನಾವು ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚುತ್ತದೆ. ಅಷ್ಟು ಚೂಟಿ ಹುಡುಗ. ಈಗ ಚಪ್ಪಲಿ ಚೀಲವನ್ನೂ ಅದೇ ಗಂಟಿನಲ್ಲಿ ಕಟ್ಟುತ್ತಾನೆ ಎಂದು ನೀನೇ ನಕ್ಕಿದ್ದೆ. ಆದರೆ ಅಧಿಕಾರ ಅವನ ನೆತ್ತಿಗೆ ಏರಿದೆ. ಅದೂ ಅವನದಲ್ಲದ ಅಧಿಕಾರ. ಚುನಾವಣೆಯಲ್ಲಿ ವೀರೇಶ ಜೀಪು ಕೊಟ್ಟು ಓಡಾಡಿದ್ದ, ಅದರ ಋಣ ಇವನಿಗೆ. ಇವನ ಋಣಕ್ಕೆ ನನ್ನ ಕುರಿ ಯಾಕೆ ಬಾಯಾರಿ ಸಾಯಬೇಕು? ಅತ್ತೆಯ ಒಡವೆ ದಾನ ಮಾಡಿ ಅಳಿಯ ದೊಡ್ಡವನಾದ ಹಾಗಾಯಿತು ಇದು.

ನಾನು ನಿನಗೆ ಓಟು ಹಾಕಿದ್ದು ತಮ್ಮನ ಹೆಂಡತಿ ಎಂದಲ್ಲ ಸಂಗೀತಾ. ತಿಳಿದುಕೋ. ಪ್ರಚಾರದ ಕರಪತ್ರದಲ್ಲಿ ಅವನ ಮುಖ ತಟ್ಟೆಯಷ್ಟು, ನಿನ್ನದು ಬಿಲ್ಲೆಯಷ್ಟು ಇತ್ತು. ಅದನ್ನು ನೋಡಿ ಹಾಕಿದ್ದೂ ಅಲ್ಲ. ಹಟ್ಟಿಗೆ ನೀವೆಲ್ಲ ಬಂದಾಗ ಗಂಡಸರು ಹೊರಗೆ ಭಾಷಣ ಬಿಗಿಯುತ್ತಿದ್ದರು. ನೀನು ಒಳಗೆ ಬಂದು ಮಜ್ಜಿಗೆ ಕುಡಿದು ನಮ್ಮ ಹೆಂಗಸರ ನಡುವೆ ಚಾಪೆ ಮೇಲೆ ಕೂತೆ. "ನಂಗೆ ಮಾತಾಡಕ್ಕೆ ಬರಲ್ಲ ಅತ್ತಿಗೆ, ಕೇಳಿಸ್ಕೊಳ್ಳಕ್ಕೆ ಬರ್ತದೆ" ಅಂದೆ. ಆ ಒಂದು ಮಾತಿಗೆ ನಮ್ಮ ಹಟ್ಟಿಯ ಅಷ್ಟೂ ಹೆಂಗಸರು ನಿನ್ನ ಗುರುತಿಗೆ ಒತ್ತಿದರು. ಈಗ ಕೇಳಿಸಿಕೋ. ನಾನು ಜೋರಾಗಿಯೇ ಹೇಳುತ್ತಿದ್ದೇನೆ.

ಗುರುವಾರ ಸಭೆಗೆ ನೀನು ಹೋಗಬೇಕು. ನೀನೇ ಹೋಗಬೇಕು. ಹೋಗಿ ನಿನ್ನ ಕುರ್ಚಿಯಲ್ಲಿ ಕೂರಬೇಕು. ಕುರಿಜಾಡು ಬಿಡಬೇಕೋ ಬೇಡವೋ ಎಂದು ನಿನ್ನ ಬಾಯಿಂದ ಕೇಳಬೇಕು. ನೀನು ಬೇಡ ಅಂದರೂ ನಾನು ತಲೆಬಾಗುತ್ತೇನೆ, ಕುರಿ ಮಾರುತ್ತೇನೆ, ನನ್ನ ಓಟಿಗೆ ಬಂದ ಉತ್ತರ ಅದು ಎಂದು ತಿಳಿಯುತ್ತೇನೆ. ಆದರೆ ಲೋಕ್ಯಾನ ಬಾಯಿಂದ ಬಂದ 'ಬೇಡ' ನನಗೆ ಬೇಡ. ಅವನಿಗೆ ನಾನು ಓಟು ಹಾಕಿಲ್ಲ.

ಗಂಡನ ಎದುರು ಹೇಗೆ ನಿಲ್ಲಲಿ ಎಂದು ಅಳುಕುತ್ತೀಯ, ಗೊತ್ತು. ನಾನೂ ಸಂಸಾರ ಮಾಡಿದವಳೇ. ಅನ್ನ ಹಾಕುವಾಗ ಅವನು ನಿನ್ನ ಗಂಡ, ಬಡಿಸು. ಪಂಚಾಯಿತಿ ಹೊಸ್ತಿಲು ದಾಟಿದ ಮೇಲೆ ಅವನೂ ನನ್ನ ಹಾಗೆ ಒಬ್ಬ ಮತದಾರ, ಅಷ್ಟೇ. ನೀನು ಹೋಗದಿದ್ದರೆ ಇನ್ನೊಂದು ಮಾತು ಹೇಳಿರುತ್ತೇನೆ: ಸಂತೆಗೆ ಹೊಡೆಯುವ ಮುಂಚೆ ಅಷ್ಟೂ ಕುರಿಗಳನ್ನು ಪಂಚಾಯಿತಿ ಅಂಗಳಕ್ಕೆ ತಂದು ನಿಲ್ಲಿಸುತ್ತೇನೆ. ಅಧ್ಯಕ್ಷರು ಬಂದು ನೀರು ಕುಡಿಸಲಿ ಎನ್ನುತ್ತೇನೆ. ಮುಂದಿನ ಚುನಾವಣೆಗೆ ನಿನ್ನ ಎದುರು ನಾನೇ ನಿಲ್ಲುತ್ತೇನೆ. ತಮ್ಮನ ಹೆಂಡತಿ ಎಂಬ ಮುಲಾಜು ನೋಡುವವಳಲ್ಲ ನಾನು, ಅತ್ತಿಗೆ ಎಂಬ ಮುಲಾಜು ನೀನೂ ನೋಡಬೇಡ.

ನಾಡಿದ್ದು ನಾನು ಕುಬಟೂರಿಗೆ ವಾಪಸು ಹೋಗುತ್ತೇನೆ. ಉತ್ತರ ಬರೆಯುವುದಾದರೆ ಸದಾಶಿವಪ್ಪನವರ ಮನೆ ವಿಳಾಸಕ್ಕೆ ಬರೆ. ಬರೆಯದಿದ್ದರೆ ಅದನ್ನೂ ಉತ್ತರ ಎಂದೇ ತಿಳಿಯುತ್ತೇನೆ.

ನಿನ್ನ ಮೇಲೆ ಸಿಟ್ಟೂ, ಸಿಟ್ಟಿಗಿಂತ ಒಂದು ಹಿಡಿ ಹೆಚ್ಚು ಅಕ್ಕರೆಯೂ ಇರುವ
ದುರುಗಮ್ಮ

ಮರೆತಿದ್ದೆ: ಗಂಟು ಬಿಚ್ಚಲು ನಿನಗೆ ಕುಡುಗೋಲೇ ಬೇಕಾಗಿರಬೇಕು. ಹಲ್ಲಲ್ಲಿ ಕಚ್ಚಿ ಎಳೆದು, ಗಂಟಿನ ಮೇಲೆ ಗಂಟು ಹಾಕಿದ್ದೇನೆ. ಅಕ್ಕಿಯನ್ನು ಪಾಯಸ ಮಾಡು, ಅವನಿಗೂ ಒಂದು ಲೋಟ ಕೊಡು. ಅಮ್ಮನ ಪ್ರಸಾದಕ್ಕೆ ಪಕ್ಷ ಇಲ್ಲ.

*

ಹಾಲಗಟ್ಟೆ
ಶನಿವಾರ, 15 ಫೆಬ್ರುವರಿ 2025

ಕುಬಟೂರಿನ ಗದ್ದೆಯಲ್ಲಿ ಕುರಿ ಕಾಯುತ್ತಿರುವ ನನ್ನ ಅತ್ತಿಗೆಗೆ ಸಂಗೀತ ಮಾಡುವ ನಮಸ್ಕಾರಗಳು. ಅಣ್ಣನವರು, ಕುರಿಗಳು ಎಲ್ಲ ಕ್ಷೇಮ ಎಂದು ಭಾವಿಸಿದ್ದೇನೆ. ಕೆಚ್ಚಲು ಸೀಳಿಕೊಂಡ ಕುರಿ ಹೇಗಿದೆ? ಮರಿ ಹಾಕಿತೇ?

ನಿಮಗೆ ನನ್ನ ಹಾಗೆ ಬರೆಯಲು ಬರುವುದಿಲ್ಲ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ನಾನು ಸೊರಬದಲ್ಲಿ ಪಿಯುಸಿ ಮಾಡಿದವಳು, ನೀವು ಏಳನೇ ಕ್ಲಾಸು. ನಿಮ್ಮ ಕಾಗದ ಓದಿದ ಮೇಲೆ ಆ ಜಂಬ ಇಳಿಯಿತು. ಚಹಾದ ವಿಷಯ ಬರೆದಿದ್ದೀರಲ್ಲ, ಅದನ್ನು ಓದಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವತ್ತು ಒಳಗೆ ಹೋದವಳು ಬಾಗಿಲ ಹಿಂದೆಯೇ ನಿಂತಿದ್ದೆ ಅತ್ತಿಗೆ. ನಿಮ್ಮ ಒಂದೊಂದು ಮಾತೂ ಕೇಳಿಸಿತ್ತು. ಕೇಳಿಸಿಕೊಳ್ಳಲು ಬರುತ್ತದೆ ಅಂದಿದ್ದೆನಲ್ಲ, ಅಷ್ಟು ಮಾತ್ರ ಉಳಿಸಿಕೊಂಡಿದ್ದೆ.

ನಮ್ಮ ಮನೆಯಲ್ಲಿ ಪಂಚಾಯಿತಿ ಹೇಗೆ ನಡೆಯುತ್ತದೆ ಎಂದು ನಿಮಗೂ ಗೊತ್ತಿರಲಿ. ನಾನು ರೊಟ್ಟಿ ಬಡಿಯುವಾಗ ಇವರು ಕಾಗದ ತರುತ್ತಾರೆ. "ಇಲ್ಲಿ, ಇಲ್ಲಿ, ಹಾಂ, ಇಲ್ಲೊಂದು" ಎಂದು ಬೆರಳು ಇಡುತ್ತಾರೆ. ನಾನು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಸಹಿ ಹಾಕುತ್ತೇನೆ. ಏನು ಎಂದು ಒಮ್ಮೆ ಕೇಳಿದ್ದಕ್ಕೆ "ರೊಟ್ಟಿ ಸೀದ್ ಹೋಗ್ತದೆ ನೋಡು" ಅಂದರು. ರೊಟ್ಟಿ ನಿಜವಾಗಿಯೂ ಸೀದಿತ್ತು, ಅದಕ್ಕೇ ಮತ್ತೆ ಕೇಳಲಿಲ್ಲ.

ಗುರುವಾರ ಇವರು ಬೈಕಿನಲ್ಲಿ ಹೋದ ಮೇಲೆ ನಾನು ನಡೆದು ಹೊರಟೆ. ದಾರಿಯಲ್ಲಿ ಸಿಕ್ಕವರೆಲ್ಲ "ರೇಷನ್ನಿಗಾ ಸಂಗೀತಕ್ಕಾ" ಎಂದು ಕೇಳಿದರು. ಪಂಚಾಯಿತಿ ಬಾಗಿಲಲ್ಲಿ ವಾಟರ್‌ಮನ್ ಹರೀಶ ನನ್ನನ್ನು ನೋಡಿ ಒಳಗೆ ಕೂಗಿದ: "ಸಾರ್, ಅಧ್ಯಕ್ಷರ ಹೆಂಡ್ತಿ ಬಂದಾರೆ!" ನೋಡಿ, ನನ್ನ ಪದವಿ ಅದು. ನನಗೆ ನಗು ಬಂತು, ಆ ನಗುವಿನಿಂದಲೇ ಸ್ವಲ್ಪ ಧೈರ್ಯವೂ ಬಂತು.

ಒಳಗೆ ಸದಸ್ಯರೆಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಟವೆಲ್ ಹೊದಿಸಿದ ಕುರ್ಚಿಯಲ್ಲಿ ಇವರು, ಪಕ್ಕದಲ್ಲಿ ವೀರೇಶ. "ಏನು, ಮನಿ ಕೀಲಿ ಮರೆತ್ಯಾ?" ಅಂದರು. "ಸಭೆಗೆ ಬಂದೀನಿ" ಅಂದೆ. ಎಲ್ಲರೂ ನೆಲ ನೋಡಿದರು. ಇವರು ನಕ್ಕರು. "ಆತು, ಬಂದೀಯಲ್ಲ, ಆ ಬೆಂಚಿನ ಮೇಲೆ ಕುಂದ್ರು" ಅಂದರು. "ರೀ, ಏಳಿ. ಆ ಕುರ್ಚಿ ನಂದು" ಅಂದೆ. ಅತ್ತಿಗೆ, ಅದನ್ನು ಹೇಳಿದ್ದು ನಾನೇ, ಆದರೆ ನನ್ನ ಕಿವಿಗೇ ಅದು ಬೇರೆ ಯಾರದೋ ದನಿ ಎನಿಸಿತು.

ಇವರು ಏಳಲಿಲ್ಲ. ಏಳುತ್ತಾರೆ ಎಂದು ನಿಂತೇ ಇದ್ದೆ. ಶ್ರೀಲತಾ ಮೇಡಂ ನೀವು ಬರೆದ ಹಾಗೆ ಫ್ಯಾನು ನೋಡುತ್ತಿದ್ದರು. ಕೈ ಹಿಡಿದು ಎಬ್ಬಿಸಲು ನನ್ನಿಂದ ಆಗುತ್ತಿರಲಿಲ್ಲ, ವಾಪಸು ಮನೆಗೆ ಬರಲು ಮನಸ್ಸಾಗಲಿಲ್ಲ. ಕೊನೆಗೆ ಬೆಂಚಿನ ಕಡೆ ನಡೆದೆ. ನೀವು ಮಧ್ಯಾಹ್ನದ ತನಕ ಕೂತಿದ್ದಿರಲ್ಲ, ಅದೇ ಬೆಂಚು. ವೀರೇಶನ ಮುಖದಲ್ಲಿ ನಗು ಅರಳಿತು. ಬೆಂಚಿನ ನಡುವೆ ಕೂತು, ಸೆರಗು ಸರಿಮಾಡಿಕೊಂಡು ಹೇಳಿದೆ: "ಕುರ್ಚಿ ಅವ್ರ ಹತ್ರನೇ ಇರ್ಲಿ. ನಾನೆಲ್ಲಿ ಕೂತೀನೋ ಸಭೆ ಅಲ್ಲಿ ನಡೀತದೆ. ಮೇಡಂ, ಪುಸ್ತಕ ಇಲ್ಲಿಗೆ ತನ್ನಿ. ಮೊದಲ್ನೇ ವಿಷಯ ಎಂತದು, ಓದಿ."

ಇವರು "ಏಯ್, ಸಾಕು ನಡಿ" ಅಂದರು. ಆಗ ನಮ್ಮ ಸದಸ್ಯೆ ಗಂಗಾಶ್ರೀ ಇದ್ದಾಳಲ್ಲ, ಎರಡು ವರ್ಷದಿಂದ ಸಭೆಯಲ್ಲಿ ಬಾಯಿಬಿಟ್ಟಿಲ್ಲ ಎಂದು ಎಲ್ಲರೂ ಆಡಿಕೊಳ್ಳುವವಳು, ಎದ್ದು ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಕರ್ರ್ ಎಂದು ಎಳೆದು ನನ್ನ ಕಡೆ ತಿರುಗಿಸಿ ಕೂತಳು. ಆಮೇಲೆ ಇನ್ನೊಂದು ಕುರ್ಚಿ ತಿರುಗಿತು. ಆಮೇಲೆ ಮತ್ತೊಂದು. ಶ್ರೀಲತಾ ಮೇಡಂ ಫ್ಯಾನಿನಿಂದ ಕಣ್ಣು ಇಳಿಸಿ, ಪುಸ್ತಕ ಎದೆಗೆ ಅವುಚಿಕೊಂಡು ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು. ಇವರು ಟವೆಲ್ ಕುರ್ಚಿಯಲ್ಲೇ ಇದ್ದರು, ಇಡೀ ಸಭೆಯ ಬೆನ್ನು ನೋಡುತ್ತಾ.

ಈಗ ನಿಮ್ಮ ವಿಷಯ. ನೀವು ಒಂದನ್ನು ಬರೆದಿರಲಿಲ್ಲ ಅತ್ತಿಗೆ. ವೀರೇಶ ಎದ್ದು ನಿಂತು ಹೇಳಿದ: ಹೋದ ವರ್ಷ ನಿಮ್ಮ ಹಟ್ಟಿಯವರು ಕುರಿಗೆ ಉಣ್ಣಿಯ ಔಷಧಿ ಹಚ್ಚಿ, ಅದು ಒಣಗುವ ಮುಂಚೆಯೇ ಕೆರೆಗೆ ಇಳಿಸಿದರಂತೆ, ಮಾರನೆಯ ದಿನ ಮೀನು ತೇಲಿದವಂತೆ. "ನಿಮ್ ಅತ್ತಿಗೆ ಇದನ್ನ ನಿಮಗೆ ಹೇಳ್ಯಾರೇನ್ರೀ?" ಎಂದು ಎಲ್ಲರೆದುರು ಕೇಳಿದ. ಹಿಂದಿನಿಂದ ಇವರು ನಕ್ಕದ್ದು ಕೇಳಿಸಿತು. ಹಟ್ಟಿಯ ವಿಷಯ ಬಲ್ಲ ಸದಸ್ಯರನ್ನು ಕೇಳಿದೆ, ನಿಜ ಅಂದರು. ನೀವು ಯಾಕೆ ಮುಚ್ಚಿಟ್ಟಿರಿ ಎಂದು ಸಿಟ್ಟು ಬಂತು. ಆದರೆ ಒಂದು ಅನುಕೂಲವೂ ಆಯಿತು. ಅಲ್ಲಿಯ ತನಕ ನಾನು ಅತ್ತಿಗೆಯ ಪರ ಬಂದವಳು ಎಂದು ಅವರೆಲ್ಲ ತಿಳಿದಿದ್ದರು, ನಾನೂ ಹಾಗೇ ತಿಳಿದಿದ್ದೆ. ಅದು ತಪ್ಪಿತು. ಮೀನು ಸತ್ತದ್ದಕ್ಕೆ ಬೇಲಿ ಔಷಧವಲ್ಲ, ಕುರಿ ಬಾಯಾರಿದ್ದಕ್ಕೆ ಕೆರೆ ಕೆಡಿಸುವುದೂ ಸರಿಯಲ್ಲ ಅಂದೆ. ಆ ಕೆರೆ ಪಕ್ಕದ ಬೋರಿನ ನೀರನ್ನೇ ನಾನೂ ಕುಡಿಯುತ್ತೇನೆ.

ತೀರ್ಮಾನ ಹೀಗಾಗಿದೆ. ಐದು ವರ್ಷದ ಗುತ್ತಿಗೆ ಇಲ್ಲ, ವೀರೇಶನಿಗೆ ಒಂದೇ ವರ್ಷ. ಕುರಿಜಾಡಿನ ಗೇಟು, ಮುಳ್ಳುತಂತಿ ಎರಡನ್ನೂ ಅವನೇ ಕೀಳಬೇಕು. ಕುರಿ ನೀರು ಕುಡಿಯಬಹುದು, ಮೀಯಬಹುದು. ಔಷಧಿ ಹಚ್ಚಿದ ಕುರಿ ಮಾತ್ರ ವಾರದ ತನಕ ಕೆರೆಗೆ ಇಳಿಯಕೂಡದು, ಅದರ ಜವಾಬ್ದಾರಿ ದುರುಗಮ್ಮನವರದು. ನಿಮ್ಮನ್ನು ಕೇಳದೆ ನಿಮ್ಮ ಹೆಸರು ಬರೆಸಿದ್ದೇನೆ. ತಪ್ಪಿದರೆ ಅತ್ತಿಗೆ ಎಂಬ ಮುಲಾಜು ನಾನೂ ನೋಡುವುದಿಲ್ಲ, ನೀವೇ ಹೇಳಿಕೊಟ್ಟಿದ್ದೀರಿ. ಸಹಿ ಹಾಕುವ ಮುಂಚೆ ಪೂರ್ತಿ ಓದಿದೆ. ಮೊದಲ ಸಲ ಕೈಯಲ್ಲಿ ಹಿಟ್ಟಿರಲಿಲ್ಲ.

ಸಭೆ ಮುಗಿದು ತಿರುಗಿ ನೋಡಿದಾಗ ಕುರ್ಚಿಯ ಮೇಲೆ ಟವೆಲ್ ಮಾತ್ರ ಇತ್ತು. ಇವರು ಯಾವಾಗ ಎದ್ದು ಹೋದರೋ ಗೊತ್ತಾಗಲಿಲ್ಲ. ಮನೆಯಲ್ಲಿ ಈಗ ಮಾತಿಲ್ಲ. ತಟ್ಟೆ ಇಟ್ಟರೆ ಊಟ ಮಾಡುತ್ತಾರೆ, ಎದ್ದು ಹೋಗುತ್ತಾರೆ. ಪಾಯಸ ಮಾಡಿ ಒಂದು ಲೋಟ ಮುಂದೆ ಇಟ್ಟೆ, ಕುಡಿದರು. ಮುಂದೇನಾಗುತ್ತದೋ ಗೊತ್ತಿಲ್ಲ. ಭಯ ಇಲ್ಲ ಎಂದು ಸುಳ್ಳು ಬರೆಯುವುದಿಲ್ಲ, ಭಯ ಇದೆ. ಆದರೆ ಮುಂದಿನ ಸಭೆಗೂ ಹೋಗುತ್ತೇನೆ. ಕುರ್ಚಿ ಖಾಲಿ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಬೆಂಚಿನಲ್ಲಿ.

ಗೋಡೆಯ ಮೇಲಿನ ಹಳೆಯ ನಂಬರು ಅಳಿಸಿದ್ದೇವೆ. ಹರೀಶನೇ ಸುಣ್ಣ ಬಳಿದ. ನನ್ನದೇ ಹೊಸ ಸಿಮ್ ತೆಗೆದುಕೊಂಡಿದ್ದೇನೆ, ನಂಬರು ಹಾಳೆಯ ಹಿಂದೆ ಬರೆದಿದ್ದೇನೆ. ಇನ್ನು ಅರ್ಜಿಗೆ ಅಮ್ಮನ ಉಡಿ ಬೇಡ ಅತ್ತಿಗೆ. ಫೋನ್ ಮಾಡಿ. ನಾನೇ ಎತ್ತುತ್ತೇನೆ.

ಅಣ್ಣನವರಿಗೆ ಹೇಳಿ, ಸಂತೆ ಬೇಡ. ಕುರಿ ಮನೆಗೆ ಹೊಡೆದುಕೊಂಡು ಬನ್ನಿ.

ನಿಮ್ಮ ವಾರ್ಡಿನ ಸದಸ್ಯೆ, ಹಾಲಗಟ್ಟೆ ಪಂಚಾಯಿತಿಯ ಅಧ್ಯಕ್ಷೆ,
ಸಂಗೀತ

ಇದನ್ನು ಬರೆಯಬಾರದು ಎಂದುಕೊಂಡು ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಗಂಟಿಗೆ ಕುಡುಗೋಲು ಬೇಕಾಗಿರಬೇಕು ಎಂದು ಬರೆದಿದ್ದಿರಿ. ಬೇಕಾಗಲಿಲ್ಲ. ತುದಿ ಎಳೆದೆ, ಒಂದೇ ಸಲಕ್ಕೆ ಬಿಚ್ಚಿತು. ಓದುವಾಗ ನಿಮ್ಮ ಕೊನೆಯ ಸಾಲಿಗೆ ಬಂದ ಮೇಲಷ್ಟೇ ನನ್ನ ಬೆರಳಿಗೆ ಅದು ನೆನಪಾದದ್ದು. ಅದು ಮರಿ ಕಟ್ಟುವ ಗಂಟು, ಅತ್ತಿಗೆ, ನೀವು ಇವರಿಗೆ ಕಲಿಸಿದ್ದು. ಇವರು ದಾರಿಯಲ್ಲೇ ಬಿಚ್ಚಿದ್ದಾರೆ, ಓದಿದ್ದಾರೆ, ಮತ್ತೆ ಕಟ್ಟಿದ್ದಾರೆ. ಹರಿದು ಹಾಕಬಹುದಿತ್ತು, ಹಾಕಲಿಲ್ಲ. "ತಗಾ, ಅಕ್ಕ ಕಳಿಸ್ಯಾಳೆ" ಎಂದು ನಗುನಗುತ್ತಾ ನನ್ನ ಕೈಗೇ ಕೊಟ್ಟರು. ಓದಿಕೊಳ್ಳಲಿ, ಇವಳಿಂದ ಏನಾದೀತು ಎಂದು ಅಷ್ಟು ಧೈರ್ಯ ಅವರಿಗೆ. ನಿಮ್ಮ ಕಾಗದ ಓದಿ ನಾನು ಅತ್ತದ್ದು ನಿಜ. ಆದರೆ ಗುರುವಾರ ಮನೆಯಿಂದ ಹೊರಟದ್ದು ಆ ಗಂಟಿನ ಸಿಟ್ಟಿಗೆ.